ಎಳೆದರೆ ಕೈಗೆ ಬರದ ಡ್ರಾಯರು

ನಿಮ್ಮ ಅಡುಗೆಮನೆಯ ಡ್ರಾಯರನ್ನು ಒಮ್ಮೆಯಾದರೂ ಪೂರ್ತಿ ಹೊರಗೆ ತೆಗೆದು, ಅದರ ಮೂಲೆಗಳನ್ನು ನೋಡಿದ್ದೀರಾ? ಇಲ್ಲ ಅಂತೀರಾ? ನಾನೂ ನೋಡಿರಲಿಲ್ಲ. ಮುಂದೆ ಮೈಕಾ ಹೊಳೀತಿದ್ರೆ, ಹಿಡಿ ಚೆಂದ ಇದ್ರೆ ಆಯ್ತು ಅಂದುಕೊಂಡವಳು ನಾನು.

ನಮ್ಮದು ಮಲೆನಾಡು. ಹೋದ ಆಷಾಢದಲ್ಲಿ ಒಂದು ಬೆಳಿಗ್ಗೆ ಚಮಚದ ಡ್ರಾಯರು ಉಬ್ಬಿ ಕಚ್ಚಿಕೊಂಡಿತ್ತು. ಒಂದು ಕೈ ಗೋಡೆಗೆ ಕೊಟ್ಟು ಜೋರಾಗಿ ಎಳೆದೆ. ಮುಂದಿನ ಹಲಗೆ ಮಾತ್ರ ಕೈಗೆ ಬಂತು! ಹಿಂದಕ್ಕೆ ಮುಗ್ಗರಿಸಿದೆ. ಒಂದು ಚೂರಿ ಟಣ್ಣೆಂದು ನೆಲಕ್ಕೆ ಬಿತ್ತು. ಅದು ಬಿದ್ದದ್ದು ಅಲ್ಲೇ ಕೂತು ಆಡುತ್ತಿದ್ದ ಮೊಮ್ಮಗಳಿಂದ ಗೇಣುದ್ದ ದೂರದಲ್ಲಿ. ಅವಳು ನಕ್ಕಳು. ನನಗೆ ಮಾತ್ರ ಅರ್ಧ ಗಂಟೆ ಕೈಕಾಲು ನಡುಗುತ್ತಿತ್ತು.

ಆಮೇಲೆ ಹಲಗೆ ತಿರುಗಿಸಿ ನೋಡಿದೆ. ನಾಲ್ಕೇ ನಾಲ್ಕು ಮೊಳೆ, ಒಂದೂ ಬಾಗಿರಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಲೀಸಾಗಿ ಹೊರಗೆ ಬಂದಿದ್ದವು. ಮೇಲೆ ಥಳಕು, ಒಳಗೆ ಹುಳುಕು ಅನ್ನೋದು ಇದಕ್ಕೇ ಅಲ್ಲವೇ?

ನಮ್ಮ ಅತ್ತೆಯವರ ಕಾಲದ ಹಲಸಿನ ಮರದ ಮೇಜು ಇನ್ನೂ ಜಗಲಿಯಲ್ಲಿದೆ. ಅದರ ಡ್ರಾಯರಿನ ಹಿಡಿ ಎರಡು ಸಲ ಬದಲಾಗಿದೆ, ಮೂಲೆ ಒಂದು ಕೂದಲೆಳೆಯಷ್ಟೂ ಬಿಟ್ಟಿಲ್ಲ. ನಮ್ಮೂರ ಹಳೆಯ ಆಚಾರ್ರನ್ನು ಕರೆಸಿ ಎರಡನ್ನೂ ಮುಂದಿಟ್ಟೆ. “ಅಮ್ಮಾ, ಡ್ರಾಯರು ಬಾಳಿಕೆ ಬರೋದು ಮುಂದಿನ ಎರಡು ಮೂಲೆಯಲ್ಲಿ. ಮಿಕ್ಕಿದ್ದು ಬರೀ ಪೆಟ್ಟಿಗೆ,” ಅಂದರು.

ಯೋಚಿಸಿ ನೋಡಿ. ದಿನಕ್ಕೆ ಹತ್ತು ಸಲ ನಾವು ಎಳೆಯುವುದು ಮುಂದಿನ ಹಲಗೆಯನ್ನು. ಸಾಮಾನಿನ ಭಾರವೆಲ್ಲ ಹಿಂದಕ್ಕೆ ಜಗ್ಗುತ್ತದೆ. ಮೊಳೆಯನ್ನು ಮುಂದಿನಿಂದ ನೇರವಾಗಿ ಹೊಡೆದಿದ್ದರೆ ಅದು ಪಕ್ಕದ ಹಲಗೆಯ ಕೊಯ್ದ ತುದಿಗೆ, ಮರದ ಎಳೆಗಳ ನಡುವೆ ಇಳಿದಿರುತ್ತದೆ. ಅಲ್ಲಿ ಮೊಳೆಗೂ ಹಿಡಿತವಿಲ್ಲ, ಅಂಟಿಗೂ ಹಿಡಿತವಿಲ್ಲ. ಆ ತುದಿ ಅಂಟನ್ನು ಕುಡಿದುಬಿಡುತ್ತದೆ. ನಾವು ಎಳೆಯುವ ದಿಕ್ಕೂ ಮೊಳೆ ಹೊರಬರುವ ದಿಕ್ಕೂ ಒಂದೇ ಆದರೆ ಅದು ಎಷ್ಟು ದಿನ ತಡೆದೀತು?

ಅತ್ತೆಯವರ ಮೇಜಿನಲ್ಲಿ ಇರುವುದು ಡವ್‌ಟೇಲ್ ಜೋಡಣೆ. ಪಕ್ಕದ ಹಲಗೆಯ ತುದಿಯನ್ನು ಪಾರಿವಾಳದ ಬಾಲದ ಹಾಗೆ ತುದಿಗೆ ಅಗಲವಾಗಿ ಕತ್ತರಿಸಿ, ಮುಂದಿನ ಹಲಗೆಯಲ್ಲಿ ಅದಕ್ಕೆ ಸರಿಯಾದ ಕಚ್ಚು ಮಾಡಿ ಕೂರಿಸುತ್ತಾರೆ. ಎಳೆದಷ್ಟೂ ಬಾಲ ಕಚ್ಚಿನೊಳಗೆ ಬಿಗಿಯುತ್ತದೆ. ಪ್ರಾಚೀನ ಈಜಿಪ್ಟಿನ ಪೀಠೋಪಕರಣಗಳಲ್ಲೂ ಇದೇ ಕಚ್ಚು ಇತ್ತಂತೆ! ಆದರೆ ಒಂದು ಎಚ್ಚರ: ಬಾಲಗಳು ಪಕ್ಕದ ಹಲಗೆಯಲ್ಲೇ ಇರಬೇಕು. ಅದಲುಬದಲು ಮಾಡಿದರೆ ನೋಡಲು ಹಾಗೆಯೇ ಕಂಡರೂ ಎಳೆದಾಗ ಬಿಡಿಸಿಕೊಂಡು ಬರುತ್ತದೆ. ಗಟ್ಟಿ ಮರಕ್ಕೆ ಓರೆ 8ಕ್ಕೆ 1 ಸಾಕು, ಮೆದು ಮರಕ್ಕೆ 6ಕ್ಕೆ 1.

ಇದನ್ನು ಕತ್ತರಿಸಲು ಪಳಗಿದ ಕೈ ಬೇಕು, ಕೂಲಿಯೂ ಹೆಚ್ಚು. ಆಗದಿದ್ದರೆ ಬೇಸರ ಬೇಡ. ಮುಂದಿನ ಹಲಗೆಯ ಎರಡೂ ತುದಿಯಲ್ಲಿ ಒಳಬದಿಗೆ ಮೆಟ್ಟಿಲಿನಂತೆ ಕೊಯ್ದು, ಪಕ್ಕದ ಹಲಗೆಯನ್ನು ಅದರಲ್ಲಿ ಅಂಟಿಟ್ಟು ಕೂರಿಸಿ. ಮೊಳೆಯನ್ನೋ ಬಿದಿರಿನ ಗೂಟವನ್ನೋ ಪಕ್ಕದಿಂದ ಹೊಡೆಸಿ, ಮುಂದಿನಿಂದ ಬೇಡ. ಆಗ ಎಳೆತ ಗೂಟಕ್ಕೆ ಅಡ್ಡ ಬೀಳುತ್ತದೆ, ಅದು ಕಿತ್ತು ಬರುವುದಿಲ್ಲ. ನನ್ನ ಹೊಸ ಡ್ರಾಯರನ್ನು ನಾನೂ ನನ್ನ ತಮ್ಮನೂ ಸೇರಿ ಮಾಡಿದ್ದು ಹೀಗೆಯೇ. ಹಿಂದಿನ ಮೂಲೆಗಳಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಪಕ್ಕದ ಹಲಗೆಯಲ್ಲಿ ಅಡ್ಡ ಕಾಲುವೆ ಕೊರೆದು ಹಿಂದಿನ ಹಲಗೆ ಇಳಿಸಿದರೆ ಸಾಕು.

ಇನ್ನು ಮರ. ತೇಗವಾದರೆ ಒಳ್ಳೆಯದೇ, ಆದರೆ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಕಾಣುವ ಮುಂದಿನ ಹಲಗೆಗೆ ಮಾತ್ರ ತೇಗ ಅಥವಾ ಹಲಸು ಹಾಕಿಸಿ, ದಪ್ಪ 18ರಿಂದ 20 ಮಿಲಿಮೀಟರ್. ಪಕ್ಕಕ್ಕೆ 12 ಮಿಲಿಮೀಟರ್ ಸಾಕು. ಮಾವಿನ ಮರ ಅಗ್ಗವೆಂದು ಹಿಗ್ಗಬೇಡಿ, ಹುಳು ಬೇಗ ಹಿಡಿಯುತ್ತದೆ. ಹಳೆ ಮನೆ ಕೆಡವಿದಲ್ಲಿ ಸಿಗುವ ಮರ ನಿಜಕ್ಕೂ ಚಿನ್ನ, ವರ್ಷಗಟ್ಟಲೆ ಒಣಗಿರುತ್ತದೆ. ಗರಗಸ ಇಡುವ ಮುಂಚೆ ಒಳಗಿನ ಮೊಳೆ ತೆಗೆಸಿ, ಅಷ್ಟೆ.

ಹೊಸ ಮರ ಒಣಗಿದೆಯೋ ಇಲ್ಲವೋ ಅಂತ ಅಂಗಡಿಯವರ ಮಾತನ್ನೇ ನಂಬಬೇಕಿಲ್ಲ. ಒಂದು ತುಂಡು ತಂದು ಮನೆಯೊಳಗಿಡಿ. ವಾರಕ್ಕೊಮ್ಮೆ ಅಡುಗೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುವುದು ನಿಲ್ಲುವವರೆಗೂ ಆ ಮರ ಹಸಿ. ಹಸಿ ಮರದಲ್ಲಿ ಎಂಥ ಒಳ್ಳೆ ಜೋಡಣೆ ಮಾಡಿದರೂ ಒಣಗುತ್ತ ಸಡಿಲವಾಗುತ್ತದೆ.

ಪ್ಲೈವುಡ್ಡಿನಲ್ಲಿ ಮಾಡಬಾರದೇ ಅಂತ ಕೇಳ್ತೀರಿ. ಧಾರಾಳವಾಗಿ ಮಾಡಬಹುದು, ಅದು ಮಳೆಗೆ ಅಷ್ಟು ಉಬ್ಬುವುದೂ ಇಲ್ಲ. ಆದರೆ ಅದರಲ್ಲಿ ಡವ್‌ಟೇಲ್ ಬೇಡ, ಪದರ ಪದರವಾಗಿ ಚಕ್ಕೆ ಏಳುತ್ತದೆ. ಮೆಟ್ಟಿಲಿನ ಜೋಡಣೆಯೇ ಸರಿ. ಸ್ಕ್ರೂ ಹಾಕುವ ಮುಂಚೆ ಸಣ್ಣ ತೂತು ಕೊರೆಯಲೇಬೇಕು, ಇಲ್ಲದಿದ್ದರೆ ಅಂಚು ಸೀಳುತ್ತದೆ. ನೀರಿನ ತೊಟ್ಟಿಯ ಹತ್ತಿರವಾದರೆ ಐ.ಎಸ್. 710 ಎಂಬ ಮುದ್ರೆಯ ಮರೈನ್ ಪ್ಲೈ ಕೇಳಿ ತನ್ನಿ. ಮರದ ಪುಡಿ ಒತ್ತಿ ಮಾಡಿದ ಹಲಗೆಯನ್ನು ಮಾತ್ರ ಅಲ್ಲಿಗೆ ತರಲೇಬೇಡಿ. ಒಮ್ಮೆ ನೀರು ಕುಡಿದರೆ ಹಪ್ಪಳದಂತೆ ಉಬ್ಬುತ್ತದೆ, ಸ್ಕ್ರೂ ನಿಲ್ಲುವುದಿಲ್ಲ.

ತಳಕ್ಕೆ 6 ಮಿಲಿಮೀಟರ್ ಪ್ಲೈ. ಅದನ್ನು ಕೆಳಗಿನಿಂದ ಮೊಳೆ ಹೊಡೆದು ತಗುಲಿಸಿದರೆ ಭಾರಕ್ಕೆ ಜೋತು ಬೀಳುತ್ತದೆ. ಮುಂದಿನ ಮತ್ತು ಪಕ್ಕದ ಹಲಗೆಗಳ ಒಳಬದಿಯಲ್ಲಿ, ಕೆಳ ಅಂಚಿನಿಂದ ಒಂದು ಸೆಂಟಿಮೀಟರ್ ಮೇಲೆ, ಸಣ್ಣ ಕಾಲುವೆ ಕೊರೆಸಿ. ಹಿಂದಿನ ಹಲಗೆಯನ್ನು ಆ ಕಾಲುವೆಯ ಮಟ್ಟಕ್ಕೇ ನಿಲ್ಲಿಸಿ. ಆಗ ತಳ ಹಿಂದಿನಿಂದ ಜಾರಿ ಒಳಗೆ ಹೋಗುತ್ತದೆ, ಮುಂದೆ ಹಾಳಾದರೂ ಎಳೆದು ಬದಲಾಯಿಸಬಹುದು.

ಉಬ್ಬುವ ಮಾತು ಮರೆತೆ ನೋಡಿ. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ. 6 ಅಂಗುಲ ಎತ್ತರದ ತೇಗದ ಹಲಗೆಯೇ ಮಳೆಗಾಲದಲ್ಲಿ ಒಂದರಿಂದ ಎರಡು ಮಿಲಿಮೀಟರ್ ಬೆಳೆದೀತು. ಬೇಸಿಗೆಯಲ್ಲಿ ಮಾಡಿಸುವವರು ಮೇಲೆ ಅಷ್ಟು ಸಂದು ಬಿಡಿಸಿ. ಶ್ರಾವಣದಲ್ಲಿ ಮಾಡಿಸಿದರೆ ಇಷ್ಟು ಬೇಡ. ಅಗಲ ಹೆಚ್ಚು, ಆಳ ಕಡಿಮೆ ಇರುವ ಡ್ರಾಯರು ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಒಂದು ಅಗಲದ್ದಕ್ಕಿಂತ ಎರಡು ಕಿರಿದಾದವು ವಾಸಿ.

ಅಂಟು ಹಚ್ಚಿದ ಮೇಲೆ ಬಿಗಿಹಿಡಿಯಲು ನಮ್ಮಲ್ಲಿ ಸಲಕರಣೆ ಇರಲಿಲ್ಲ. ಸುತ್ತ ತೆಂಗಿನ ಹುರಿ ಬಿಗಿದು, ಲಟ್ಟಣಿಗೆ ತೂರಿಸಿ ತಿರುಚಿದೆವು! ಮೂಲೆಯಿಂದ ಮೂಲೆಗೆ ಹೊಲಿಗೆಯ ಟೇಪು ಹಿಡಿದು ಅಳೆದೆವು. ಎರಡು ಅಳತೆಯೂ ಒಂದೇ ಬಂದರೆ ಪೆಟ್ಟಿಗೆ ಓರೆಯಿಲ್ಲ ಅಂತ ಅರ್ಥ. ನಮಗೆ ಕಾಲಂಗುಲ ವ್ಯತ್ಯಾಸ ಬಂತು, ಅಂಟು ಒಣಗುವ ಮುಂಚೆ ಒತ್ತಿ ಸರಿಮಾಡಿದೆವು. ಮರುದಿನದವರೆಗೂ ಮುಟ್ಟಲಿಲ್ಲ.

ಈಗ ಮತ್ತೊಂದು ಆಷಾಢ ಕಳೆದಿದೆ. ಮಳೆ ಜೋರಾದಾಗ ಸ್ವಲ್ಪ ಬಿಗಿಯಾಯಿತು, ಪಕ್ಕದ ಹಲಗೆಯ ಕೆಳ ಅಂಚಿಗೆ ಮೇಣದ ಬತ್ತಿ ಉಜ್ಜಿದೆ, ಸರಿಹೋಯಿತು. ಚೂರಿಗಳನ್ನು ಮಾತ್ರ ಮೇಲಿನ ಗೂಡಿಗೆ ಸಾಗಿಸಿದ್ದೇನೆ.