ಬಲ್ಬಿಗೆ ಬೇಡದ ಪರ್ಮಿಟ್ ವೈರಿಗೆ ಏಕೆ?

ಶಿವನಸಮುದ್ರದ ವಿದ್ಯುದಾಗಾರ 1902ರಲ್ಲಿ ಶುರುವಾದಾಗ ಅಲ್ಲಿನ ಕರೆಂಟು ಹೋದದ್ದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. ಹೊಳೆಯ ಈಚೆಗಿದ್ದ ಕೊಳ್ಳೇಗಾಲ, ಹನೂರು ಆಗ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದ್ದು, ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರು. ಹಾಗಾಗಿ ಬ್ರಿಟಿಷರ 1910ರ ವಿದ್ಯುತ್ ಕಾಯ್ದೆ ಕೊಳ್ಳೇಗಾಲಕ್ಕೆ ನೇರವಾಗಿ ಅನ್ವಯಿಸುತ್ತಿತ್ತು, ಯಳಂದೂರಿಗೆ ಅನ್ವಯಿಸುತ್ತಿರಲಿಲ್ಲ.

1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ವೈರಿಂಗ್ ಕೆಲಸದ ಇವತ್ತಿನ ಕಟ್ಟಳೆಗೆ ಬುನಾದಿಯಾದ ಭಾರತೀಯ ವಿದ್ಯುತ್ ನಿಯಮಗಳೂ 1956ರವೇ. ಅವುಗಳ 45ನೇ ನಿಯಮದ ಪ್ರಕಾರ ವೈರಿಂಗ್ ಮಾಡಿಸಬೇಕಾದ್ದು ಲೈಸೆನ್ಸ್ ಇರುವ ಕಂಟ್ರಾಕ್ಟರ್ ಮೂಲಕ. ಮೇಲ್ವಿಚಾರಕರಿಗೆ ಅರ್ಹತಾಪತ್ರ ಇರಬೇಕು, ವೈರು ಎಳೆಯುವವರಿಗೆ ಪರ್ಮಿಟ್ ಇರಬೇಕು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸಲು ಇದ್ಯಾವುದೂ ಬೇಡ, ಆದರೆ ಅದರಿಂದ ವೈರಿಂಗಿನ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗಕೂಡದು.

ಈ ಕೊನೆಯ ಮಾತಿನ ತೂಕ ತಿಳಿಯಬೇಕಾದರೆ ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆಗಳನ್ನು ನೆನೆಯಬೇಕು. ದೀಪಕ್ಕೆಂದು ಎಳೆದ ಸಣ್ಣ ವೈರಿಗೇ ಮಗ್ಗದ ಮೋಟಾರು ಸೇರಿಸಿದರೆ ಹೇಗೆ? ಮೋಟಾರು ಹೊರಡುವಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ವೈರು ಗೋಡೆಯೊಳಗೇ ಬಿಸಿಯಾಗುತ್ತದೆ, ಹೊರಗೆ ಏನೂ ಕಾಣದು.

2003ರಲ್ಲಿ ಹೊಸ ಕಾಯ್ದೆ ಬಂತು. ಆಮೇಲೆ 2010ರಲ್ಲಿ, 2023ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಬಂದವು. ಪರ್ಮಿಟ್ಟಿನ ಕಟ್ಟಳೆ ಮಾತ್ರ ಹಾಗೇ ಉಳಿಯಿತು. ನಮ್ಮಲ್ಲಿ ಲೈಸೆನ್ಸ್, ಪರ್ಮಿಟ್ಟುಗಳು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಕಡೆಯಿಂದ ಬರುತ್ತವೆ. ಮೀಟರ್ ಕೊಡುವುದು ವಿದ್ಯುತ್ ಸರಬರಾಜು ಕಂಪನಿಯಾದ ಸೆಸ್ಕ್. ಮನೆ ಕಟ್ಟಲು ನಗರಸಭೆ ಕೊಡುವ ಅನುಮತಿಯೇ ಬೇರೆ. ಅದು ಕೈಯಲ್ಲಿದೆಯೆಂದು ವೈರಿಂಗಿಗೆ ಯಾರನ್ನೋ ಕರೆಯುವಂತಿಲ್ಲ.

ಕೆಲಸ ಮುಗಿದ ಮೇಲೆ ಕಂಟ್ರಾಕ್ಟರ್ ಕಂಪ್ಲೀಷನ್ ರಿಪೋರ್ಟಿಗೆ ಸಹಿ ಹಾಕುತ್ತಾರೆ. ಹೊಸ್ತಿಲು ತುಳಿಯದೆ ಹಾಕಿದ ಸಹಿಯನ್ನು ನಾನಂತೂ ಒಪ್ಪಲಾರೆ. ನಿರೋಧ ಅಳೆಯುವ ಮೆಗ್ಗರ್ ಹಿಡಿದು ಒಂದು ನಿಮಿಷ 500 ವೋಲ್ಟ್ ಕೊಟ್ಟು ನೋಡಬೇಕು; ವೈರಿಗೂ ಭೂಮಿಗೂ ನಡುವಿನ ನಿರೋಧ ಕನಿಷ್ಠ ಒಂದು ಮೆಗಾ ಓಮ್ ಇರಬೇಕು. ಮನೆಯವರು ಪಕ್ಕದಲ್ಲೇ ನಿಂತು, ಮುಳ್ಳು ಎಲ್ಲಿ ನಿಂತಿತು ಎಂದು ಕೇಳಬಹುದು. ಅರ್ಥಿಂಗ್ ಗುಂಡಿ ಎಲ್ಲಿದೆ, ಬೇಸಿಗೆಯಲ್ಲಿ ಅದಕ್ಕೆ ನೀರು ಹೊಯ್ಯುವವರು ಯಾರು ಎಂದೂ ಕೇಳಬಹುದು. ಹನೂರಿನ ಕಡೆಯ ಒಣ ನೆಲದಲ್ಲಿ ಬೋರ್‌ವೆಲ್ ಪಂಪು ಕೂರಿಸುವವರಂತೂ ಇದನ್ನೇ ಮೊದಲು ಕೇಳಬೇಕು.