ಸಂಕ್ರಾಂತಿಗೆ ಅರಳುವ ಹೆಮ್ಮಾಡಿಯ ಸೇವಂತಿಗೆ

ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿಯ ಸಾಲು. ಇವೆರಡರ ನಡುವಣ ಕಿರಿದಾದ ಪಟ್ಟಿಯಲ್ಲಿ ಬ್ರಹ್ಮಾವರ, ಕುಂದಾಪುರ, ಬೈಂದೂರುಗಳು ದಕ್ಷಿಣದಿಂದ ಉತ್ತರಕ್ಕೆ ಒಂದೇ ಹೆದ್ದಾರಿಯ ದಾರದಲ್ಲಿ ಪೋಣಿಸಿದಂತೆ ನಿಂತಿವೆ. ಈ ಸೀಮೆಯ ಒಕ್ಕಲಿಗನು ತನ್ನ ಭೂಮಿಯನ್ನು ಮೂರು ಬಗೆಯಾಗಿ ಎಣಿಸುವನು. ನೀರು ನಿಲ್ಲುವ ತಗ್ಗಿನ ಗದ್ದೆ ಬೈಲು. ಅದಕ್ಕಿಂತ ತುಸು ಮೇಲಿನದು ಮಜಲು. ಮಳೆಯನ್ನೇ ನಂಬಿದ ಎತ್ತರದ ನೆಲ ಬೆಟ್ಟು. ಈ ಮೂರೂ ಅಕ್ಕಿಯ ಲೆಕ್ಕಕ್ಕೆ ಸೇರಿದವು. ಲೆಕ್ಕಕ್ಕೆ ಸಿಗದ ನಾಲ್ಕನೆಯದೊಂದುಂಟು. ಅದು ಮನೆಯ ಹಿತ್ತಿಲು. ನೆರೆಹೊರೆಯ ಬಾಳು ಬೇರುಬಿಡುವುದು ಹೆಚ್ಚಾಗಿ ಅಲ್ಲಿಯೇ.

ಬಾವಿಯ ಬಳಿಯ ಬಸಳೆಯ ಚಪ್ಪರವನ್ನೇ ನೋಡಬಹುದು. ಬಸಳೆಗೆ ಬೀಜ ಕೊಳ್ಳಬೇಕಾದ ಅಗತ್ಯವಿಲ್ಲ. ಬಲಿತ ದಂಟಿನ ಒಂದು ತುಂಡನ್ನು ಪಕ್ಕದ ಮನೆಯಿಂದ ತಂದು ಊರಿದರೆ ಸಾಕು. ಮುಂದೊಂದು ದಿನ ಕೊಟ್ಟವರ ಬಳ್ಳಿಯೇ ಒಣಗಿದರೆ, ಪಡೆದವರ ಚಪ್ಪರದಿಂದ ಅದೇ ತಳಿ ಹಿಂದಕ್ಕೆ ಬರುತ್ತದೆ. ಬಾಳೆಯ ನಾರಿನಲ್ಲಿ ಕಟ್ಟಿ ಮಾಡಿನ ತೊಲೆಗೆ ತೂಗುಬಿಟ್ಟ ಸೌತೆಯೂ ಹಾಗೆಯೇ. ಮಳೆಗಾಲದ ಸಾರಿಗೂ ಆಯಿತು, ಬೇಡಿ ಬಂದವರಿಗೆ ಬೀಜಕ್ಕೂ ಆಯಿತು. ಇಂಥ ಕೊಡುಕೊಳ್ಳುವಿಕೆಗೆ ಸಾಲಪತ್ರವಿಲ್ಲ, ಬಡ್ಡಿಯೂ ಇಲ್ಲ.

ಒಂದು ದಿನಕ್ಕಾಗಿ ಒಂದು ಬೆಳೆ

ಕುಂದಾಪುರದಿಂದ ಹೆದ್ದಾರಿಯಲ್ಲಿ ಉತ್ತರಕ್ಕೆ ಸಾಗಿದರೆ ಹೆಮ್ಮಾಡಿ ಸಿಗುತ್ತದೆ. ಕೊಲ್ಲೂರಿಗೆ ಹೋಗುವ ದಾರಿ ಅಗಲುವುದೂ ಇಲ್ಲಿಂದಲೇ. ಈ ಊರಿನ ಮತ್ತು ಆಸುಪಾಸಿನ ಹಳ್ಳಿಗಳ ಕೃಷಿಕರು ಬೆಳೆಯುವ ಹಳದಿ ಸೇವಂತಿಗೆ ‘ಹೆಮ್ಮಾಡಿ ಸೇವಂತಿಗೆ’ ಎಂದೇ ಹೆಸರಾಗಿದೆ. ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನ ಜಾತ್ರೆ ನಡೆಯುವುದು ಮಕರ ಸಂಕ್ರಾಂತಿಗೆ. ಕೊಲ್ಲೂರಿನ ಮೂಕಾಂಬಿಕೆಯ ಕಥೆಯೊಡನೆ ಬೆಸೆದುಕೊಂಡಿರುವ ಈ ದೇವರಿಗೆ ಸೇವಂತಿಗೆ ಬಲು ಪ್ರಿಯವೆಂಬುದು ಭಕ್ತರ ನಂಬಿಕೆ. ಜನವರಿಯ ನಡುವಿನಲ್ಲಿ ರಾಶಿ ರಾಶಿಯಾಗಿ ಹೂವು ಅಲ್ಲಿಗೆ ಸಾಗುತ್ತದೆ. ಆದುದರಿಂದ ಹೆಮ್ಮಾಡಿಯ ಬೆಳೆಗಾರನ ಕೆಲವು ತಿಂಗಳ ಬೆವರೆಲ್ಲ ಒಂದು ಹಬ್ಬದ ಸುತ್ತಿನ ಕೆಲವೇ ದಿನಗಳಿಗೆ ಮುಡಿಪು. ಹೂವು ಹತ್ತು ದಿನ ಮೊದಲೇ ಅರಳಿದರೆ ಬಾಡೀತು. ಹತ್ತು ದಿನ ತಡೆದರೆ ಕೊಳ್ಳುವವರಿಲ್ಲ.

ಗಿಡಕ್ಕೆ ಪಂಚಾಂಗ ತಿಳಿಯುವುದು ಹೇಗೆ? ಸೇವಂತಿಗೆ ಇರುಳಿನ ಉದ್ದವನ್ನು ಅಳೆಯುವ ಸಸ್ಯ. ಹಗಲು ಕುಗ್ಗಿ ಇರುಳು ಬೆಳೆದಾಗಲೇ ಅದು ಮೊಗ್ಗಿಗೆ ಮನಸ್ಸು ಮಾಡುತ್ತದೆ. ಸಸ್ಯಗಳ ಈ ಸ್ವಭಾವವನ್ನು ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು 1920ರಲ್ಲಿ ಲೋಕಕ್ಕೆ ವಿವರಿಸಿದರು. ಕುಂದಾಪುರದಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಕಿರಿದಾದ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಅಷ್ಟು ಸೂಚನೆ ಗಿಡಕ್ಕೆ ಸಾಕು. ದೀಪಾವಳಿ, ಯುಗಾದಿಗಳು ಚಂದ್ರನನ್ನು ಹಿಂಬಾಲಿಸಿ ವರ್ಷದಿಂದ ವರ್ಷಕ್ಕೆ ಹಿಂದುಮುಂದಾಗುತ್ತವೆ. ಸಂಕ್ರಾಂತಿಯಾದರೋ ಸೂರ್ಯನ ಹಬ್ಬ. ಹೂವೂ ಹಬ್ಬವೂ ಒಂದೇ ಸೂರ್ಯನ ಗಡಿಯಾರವನ್ನು ನೋಡುವುದರಿಂದಲೇ ಈ ಹೊಂದಾಣಿಕೆ ಸಾಧ್ಯವಾಯಿತು.

ಸೇವಂತಿಗೆಯನ್ನು ಅತ್ಯಂತ ಗೌರವದಿಂದ ಕಾಣುವ ದೇಶ ಜಪಾನು. ಹದಿನಾರು ಎಸಳಿನ ಸೇವಂತಿಗೆ ಅಲ್ಲಿನ ರಾಜಮನೆತನದ ಲಾಂಛನ. ಅಲ್ಲಿನ ಐಚಿ ಪ್ರಾಂತ್ಯದ ಬೆಳೆಗಾರರು ಗಾಜಿನ ಮನೆಗಳಲ್ಲಿ ಇರುಳು ವಿದ್ಯುದ್ದೀಪ ಹಚ್ಚಿ, ಗಿಡಕ್ಕೆ ಇನ್ನೂ ಹಗಲೆಂಬ ಭ್ರಮೆ ಹುಟ್ಟಿಸಿ, ಬೇಕಾದ ದಿನಕ್ಕೆ ಹೂ ಪಡೆಯುತ್ತಾರೆ. ಬಯಲು ಗದ್ದೆಯನ್ನೇ ನಂಬಿದವನಿಗೆ ಮೇಲಿನ ಆಕಾಶವೇ ದೀಪ.

ಹಿಳ್ಳಿನ ಋಣ

ಆ ಆಕಾಶ ಈಚೆಗೆ ಮಾತು ತಪ್ಪತೊಡಗಿದೆ. ಇರುಳಿನ ಉದ್ದ ಬದಲಾಗದು, ನಿಜ. ಆದರೆ ಮೊಗ್ಗು ಬೆಳೆದು ಅರಳುವ ವೇಗ ಚಳಿ ಬಿಸಿಲುಗಳನ್ನೂ ಅವಲಂಬಿಸಿದೆ. ಅಕಾಲದ ಮಳೆ, ಮುಸುಕಿದ ಮೋಡ, ಬಾರದ ಚಳಿ ಇವುಗಳಿಂದ ಜಾತ್ರೆಯ ಹೊತ್ತಿಗೆ ಹೂವು ಅರಳಲಿಲ್ಲವೆಂದು ಬೆಳೆಗಾರರು ಅಳಲು ತೋಡಿಕೊಂಡ ವರ್ಷಗಳಿವೆ.

ಇದಕ್ಕಿಂತಲೂ ಸೂಕ್ಷ್ಮವಾದ ಅಪಾಯ ಬೇರೊಂದಿದೆ. ಸೇವಂತಿಗೆಯ ತಳಿ ಉಳಿಯುವುದು ಬೀಜದಿಂದಲ್ಲ. ಬೀಜದ ಸಸಿಗೆ ತಾಯಿಯ ಗುಣ ಹಾಗೆಯೇ ಇಳಿಯುವುದಿಲ್ಲ. ಹೂ ಕೊಯ್ದ ಮೇಲೆ ಬುಡದಿಂದ ಮೂಡುವ ಹಿಳ್ಳುಗಳೇ ಮುಂದಿನ ವರ್ಷದ ಬಂಡವಾಳ. ಅವುಗಳಿಗೆ ಬೇಸಗೆಯಲ್ಲಿ ನೀರುಣಿಸಬೇಕು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ನಾಡಿನಲ್ಲಿ ಬೇರು ಕೊಳೆಯದಂತೆ ಕಾಯಬೇಕು. ಒಂದು ಮನೆಯ ಗಿಡಗಳು ಮಳೆಗೆ ಬಲಿಯಾದರೆ ಪಕ್ಕದ ಮನೆಯಲ್ಲಾದರೂ ಅವು ಉಳಿದಿರಬೇಕು. ಹಾಗಾಗಿ ತಳಿಯ ನಿಜವಾದ ಭಂಡಾರ ಯಾವುದೊಂದು ಗದ್ದೆಯೂ ಅಲ್ಲ. ಬೇಲಿಯಾಚೆ ಈಚೆ ಸಾಗುವ ನೆರೆಹೊರೆಯ ಸ್ನೇಹವೇ ಆ ಭಂಡಾರ.

1974ರ ಭೂಸುಧಾರಣೆಯ ತಿದ್ದುಪಡಿಯಿಂದ ಈ ಸೀಮೆಯ ಅನೇಕ ಗೇಣಿದಾರರು ತಾವು ಉಳುತ್ತಿದ್ದ ನೆಲಕ್ಕೆ ಒಡೆಯರಾದರು. ಆದರೆ ಅವರ ಮಕ್ಕಳು, ಮೊಮ್ಮಕ್ಕಳು ಹೋಟೆಲು ಉದ್ಯಮಕ್ಕೆಂದು, ಕಚೇರಿಯ ಕೆಲಸಕ್ಕೆಂದು ಬೆಂಗಳೂರು, ಮುಂಬಯಿಗಳ ದಾರಿ ಹಿಡಿದರು. ಬ್ರಹ್ಮಾವರದಲ್ಲಿ ಕೃಷಿ ಮತ್ತು ತೋಟಗಾರಿಕೆಯ ಸಂಶೋಧನಾ ಕೇಂದ್ರವಿದೆ. ರೋಗಕ್ಕೆ ಮದ್ದು, ಮಣ್ಣಿಗೆ ಗೊಬ್ಬರ ಯಾವುದೆಂದು ಅಲ್ಲಿನ ತಜ್ಞರು ಹೇಳಬಲ್ಲರು. ಬೀಗ ಬಿದ್ದ ಮನೆಯ ಹಿತ್ತಿಲಿನಲ್ಲಿ ಹಿಳ್ಳಿಗೆ ನೀರು ಹಾಕುವವರನ್ನು ಮಾತ್ರ ಯಾವ ಕೇಂದ್ರವೂ ಒದಗಿಸಲಾರದು. ಒಂದು ಮನೆ ಮುಚ್ಚಿದರೆ ಒಂದು ಗದ್ದೆಯಷ್ಟೇ ಹಡಿಲು ಬೀಳುವುದಿಲ್ಲ. ಆಪತ್ತಿಗೆ ಕೇಳಬಹುದಾಗಿದ್ದ ಒಂದು ಬಾಗಿಲೂ ಇಲ್ಲವಾಗುತ್ತದೆ.

ಜಾತ್ರೆಯಿಂದ ಮರಳುವ ಭಕ್ತರ ಕೈಯಲ್ಲಿ ಪ್ರಸಾದವಾಗಿ ಬರುವ ಸೇವಂತಿಗೆಯ ಹಿಂದೆ ಇಷ್ಟು ಕೈಗಳ ದುಡಿಮೆಯಿದೆ. ಘಟ್ಟದ ಮೇಲಿನಿಂದ ಲಾರಿಯಲ್ಲಿ ಇಳಿದುಬರುವ ಹೂವೂ ದೇವರ ಮುಡಿಗೆ ಸಲ್ಲೀತು. ಆದರೆ ಬರುವ ಸಂಕ್ರಾಂತಿಗೂ ಹೆಮ್ಮಾಡಿಯದೇ ಹೂವು ಮಾರಣಕಟ್ಟೆಯನ್ನು ತಲಪಬೇಕಾದರೆ, ಸುಗ್ಗಿ ಮುಗಿದ ಮರುದಿನವೇ ಯಾರೋ ಒಬ್ಬರು ನಾಲ್ಕು ಹಿಳ್ಳುಗಳನ್ನು ತೆಗೆದಿಟ್ಟು, ಎರಡನ್ನು ಬೇಲಿಯಾಚೆ ನೀಡಬೇಕು.