ಹರೆಯದ ಪಾದ್ರಿಗಳ ದಿನಚರ್ಯೆ

ಕಳೆದ ಶ್ರಾವಣಮಾಸದಲ್ಲಿ ನಮ್ಮ ತಂಗಿಯ ಮಗನು ಉಚ್ಚ ವ್ಯಾಸಂಗಕ್ಕಾಗಿ ಜರ್ಮನಿಗೆ ಹೊರಟು ನಿಂತನು. ವಯಸ್ಸು ಇಪ್ಪತ್ತೊಂದು. ಇಂಡಿಯ ನಮ್ಮ ಮನೆಯ ಪಡಸಾಲೆಯ ತುಂಬ ಅವನ ಗಂಟುಮೂಟೆಗಳು ಹರಡಿದ್ದವು. ಖಡಕ್ ರೊಟ್ಟಿಗಳನ್ನು ಎಣಿಸಿ ಕಟ್ಟುತ್ತಲಿದ್ದ ತಂಗಿಯು ಸೆರಗಿನಿಂದ ಕಣ್ಣೊರಸಿಕೊಂಡು, "ಅಣ್ಣಾ, ಮಾತು ತಿಳಿಯದ ದೇಶದಾಗ ಹುಡುಗ ಹೆಂಗ ಇರತಾನ?" ಎಂದು ಕೇಳಿದಳು. ಅವನು ಹೋಗತಕ್ಕ ಊರು ಸ್ಟುಟ್‌ಗಾರ್ಟ್. ಹಿಂದಿನ ವುರ್ಟೆಂಬರ್ಗ್ ರಾಜ್ಯದ ರಾಜಧಾನಿ. ಆ ಹೆಸರು ಕಿವಿಗೆ ಬಿದ್ದೊಡನೆ ನಮಗೆ ಬೇರೆ ಕೆಲವು ತರುಣರ ನೆನಪಾಯಿತು. ಅದೇ ಸೀಮೆಯಿಂದ, ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ, ಕನ್ನಡದ ಒಂದಕ್ಷರವನ್ನೂ ಅರಿಯದೆ ನಮ್ಮ ನಾಡಿಗೆ ಬಂದಿಳಿದವರು ಅವರು. ಅವರ ತಾಯಂದಿರೂ ಇದೇ ಪ್ರಶ್ನೆಯನ್ನು ಕೇಳಿರಲಿಕ್ಕೆ ಸಾಕು.

ಬಾಸೆಲ್ ಮಿಶನ್ ಎಂಬ ಹೆಸರನ್ನು ವಾಚಕರು ಕೇಳಿಯೇ ಇರುವರು. ಸ್ವಿಟ್ಜರ್ಲಂಡದ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಈ ಸಂಸ್ಥೆಯು 1834ರಲ್ಲಿ ಹೆಬಿಖ್, ಲೇನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳಿಸಿತು. 1836ರಲ್ಲಿ ಇಪ್ಪತ್ತೈದು ವರ್ಷದ ಹೆರ್ಮನ್ ಮೋಗ್ಲಿಂಗ್ ಬಂದರು. ಅಲ್ಲಿಂದ ಘಟ್ಟವನ್ನೇರಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ, ಹೀಗೆ ಅವರ ಠಾಣೆಗಳು ನಮ್ಮ ಕಡೆಗೆ ಸರಿಯುತ್ತ ಬಂದವು. ನಮ್ಮ ಹೆಂಗಸರು ತೊಡುವ ಖಣದ ಊರಾದ ಗುಳೇದಗುಡ್ಡವು ಆಗಲೂ ನೇಕಾರರ ಊರೇ. ವಿಜಾಪುರದಲ್ಲಿ ಅವರು ನೆಲೆಯೂರಿದ್ದು 1885ರ ಸುಮಾರಿಗೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ತಾಲೂಕುಗಳು, ಅಂದರೆ ನಾವು ಮೂವತ್ತೈದು ವರ್ಷ ಪಾಠ ಹೇಳಿ ಸವೆಸಿದ ಭೂಮಿಯು, ಅವರ ಸೀಮೆಯ ಬಡಗಣ ಅಂಚಿನಲ್ಲಿತ್ತು.

ಬಂದವರಲ್ಲಿ ಬಹುಮಂದಿ ಒಕ್ಕಲಿಗರ ಮತ್ತು ಕಸುಬುದಾರರ ಮಕ್ಕಳು. ಬಾಸೆಲಿನ ವಿದ್ಯಾಲಯದಲ್ಲಿ ಕೆಲವು ವರ್ಷ ನಿಂತು ಗಂಟೆಯ ನಾದಕ್ಕೆ ಏಳುವುದು, ಗಂಟೆಯ ನಾದಕ್ಕೆ ಉಣ್ಣುವುದು, ಗ್ರೀಕ್ ಹೀಬ್ರೂ ಓದುವುದು, ಕೈಕೆಲಸ ಮಾಡುವುದು, ಇದೇ ಅವರ ಬ್ರಹ್ಮಚರ್ಯಾಶ್ರಮ. ನಮ್ಮ ಗುರುಕುಲದ ವಟುಗಳಿಗೂ ಇವರಿಗೂ ಅಂತರವು ಅಷ್ಟೇನೂ ಇರಲಿಲ್ಲವೆಂದು ನಮಗೆ ತೋರುತ್ತದೆ. ವೈಯಕ್ತಿಕ ಸಂಬಳವೆಂಬುದು ಮೊದಮೊದಲು ಇರಲಿಲ್ಲ. ಹೊಟ್ಟೆಬಟ್ಟೆಗೆ ಸಂಸ್ಥೆಯು ಕೊಟ್ಟಷ್ಟು.

ಇಲ್ಲಿ ಬಂದ ಮೇಲಿನ ಅವರ ದಿನವು ಪ್ರಾರ್ಥನೆಯಿಂದ ಆರಂಭವಾಗಿ ಮುನ್ಶಿಯ ಮುಂದೆ ಮುಂದುವರಿಯುತ್ತಿತ್ತು. ಬೋಧಿಸಲು ಬಂದವನು ಮೊದಲು ವಿದ್ಯಾರ್ಥಿಯಾಗಿ ಕೂಡ್ರಬೇಕಾಯಿತು! ಕೈಯಲ್ಲಿ ಬಳ್ಳಾರಿಯ ರೀವ್ ಸಾಹೇಬರು 1832ರಲ್ಲಿ ಅಚ್ಚುಹಾಕಿಸಿದ ಕೋಶ. ಎದುರಿಗೆ ವ್ಯಾಕರಣಬದ್ಧವಾದ ಕನ್ನಡವನ್ನು ಹೇಳಿಕೊಡುವ ಪಂಡಿತ. ಆದರೆ ಸಂತೆಗೆ ಹೋದರೆ ಆ ಕನ್ನಡವು ಅಲ್ಲಿಲ್ಲ. ಪುಸ್ತಕದಲ್ಲಿ 'ಹೋಗುತ್ತೇನೆ' ಎಂದಿದ್ದರೆ ನಮ್ಮವನು 'ಹೊಕ್ಕೀನಿ' ಅನ್ನುತ್ತಾನೆ. ಮೈಸೂರ ಕಡೆಯಿಂದ ಮುದ್ದೇಬಿಹಾಳಕ್ಕೆ ಹೊಸದಾಗಿ ವರ್ಗವಾಗಿ ಬಂದ ನಮ್ಮ ಸಹೋದ್ಯೋಗಿಯೊಬ್ಬರೇ ಮೊದಲ ತಿಂಗಳೆಲ್ಲ ತರಗತಿಯಲ್ಲಿ ತಬ್ಬಿಬ್ಬಾದುದನ್ನು ನಾವು ಕಂಡಿದ್ದೇವೆ. ಅಂದಮೇಲೆ ಆ ಪರದೇಶಿಗಳ ಪಾಡೇನು? ಅವರಿಗೆ ಕಲಿಸಿದ ಮುನ್ಶಿಗಳ ಹೆಸರು ಇಂದು ನಮ್ಮ ಮನೆಗಳಲ್ಲಿ ಯಾರ ಬಾಯಲ್ಲಿಯೂ ಇಲ್ಲ. ಮೇಷ್ಟ್ರ ಹಣೆಬರಹವೇ ಅಷ್ಟು.

ಮಧ್ಯಾಹ್ನ ಶಾಲೆಯ ತಪಾಸಣೆ, ಸಂಜೆ ಪೇಟೆಯಲ್ಲಿ ಉಪದೇಶ, ರಾತ್ರಿ ದೀಪದ ಬೆಳಕಿನಲ್ಲಿ ಬರವಣಿಗೆ. ಮೂರು ತಿಂಗಳಿಗೊಮ್ಮೆ ಬಾಸೆಲಿನ ಸಮಿತಿಗೆ ವರದಿ ಒಪ್ಪಿಸಬೇಕು. ಮಳೆಗಾಲದಲ್ಲಿ ನಮ್ಮ ಕರಿ ಎರೆಯ ಹಾದಿಯಲ್ಲಿ ಬಂಡಿಯ ಗಾಲಿಯು ಗುಂಬದವರೆಗೆ ಹೂಳುತ್ತದೆಂಬುದನ್ನು ಡೋಣಿಯ ದಂಡೆಯವರಿಗೆ ಹೇಳಬೇಕಾಗಿಲ್ಲ. ಆದುದರಿಂದ ಮಳೆ ನಿಂತು ನೆಲ ಆರಿದ ಮೇಲೆ ಗುಡಾರ, ಬಂಡಿ, ಪುಸ್ತಕದ ಪೆಟ್ಟಿಗೆಗಳೊಡನೆ ಸಂಚಾರಕ್ಕೆ ಹೊರಡುವರು. ಜಾತ್ರೆ ನೆರೆದಲ್ಲಿ ಇಳಿಯುವರು. ಅಲ್ಲಿ ಅವರು ನಮ್ಮ ದೇವತೆಗಳನ್ನೂ ಆಚಾರಗಳನ್ನೂ ಹಳಿದು ಆಡಿದುದು ಉಂಟು. ಅದನ್ನು ನಾವು ಮೆಚ್ಚಲಾರೆವು; ಅತಿಥಿಯಾಗಿ ಬಂದವನು ಮನೆಯ ದೇವರಗೂಡನ್ನು ಜರೆಯಬಾರದು. ಜನರು ಕೇಳುತ್ತಿದ್ದರು, ವಾದಿಸುತ್ತಿದ್ದರು, ನಗುತ್ತಿದ್ದರು, ಕೊನೆಗೆ ಎತ್ತಿನ ವ್ಯಾಪಾರಕ್ಕೆ ಎದ್ದು ಹೋಗುತ್ತಿದ್ದರು. ಮತಾಂತರದ ಲೆಕ್ಕದಲ್ಲಿ ಈ ಶ್ರಮದ ಫಲವು ಅತ್ಯಲ್ಪವೆಂದೇ ಹೇಳಬೇಕು.

ಆದರೆ ಬೇರೊಂದು ಲೆಕ್ಕವಿದೆ. ಜನರ ಮನಸ್ಸನ್ನು ತಿಳಿಯಬೇಕಾದರೆ ಅವರ ಗ್ರಂಥಗಳನ್ನು ಓದಬೇಕೆಂದು ಮೋಗ್ಲಿಂಗರು ಓಲೆಗರಿಗಳನ್ನು ಹುಡುಕಿದರು. 1843ರಲ್ಲಿ 'ಮಂಗಳೂರ ಸಮಾಚಾರ' ಎಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದವರೇ ಅವರು. 1848ರಿಂದ ಕಲ್ಲಚ್ಚಿನಲ್ಲಿ ಹೊರಟ ಅವರ ಗ್ರಂಥಮಾಲೆಯಲ್ಲಿ ಜೈಮಿನಿ ಭಾರತ, ದಾಸರ ಪದಗಳು, ಚೆನ್ನಬಸವ ಪುರಾಣಗಳೊಡನೆ ಬಸವಪುರಾಣವೂ ಇದ್ದಿತು. ಬಸವಣ್ಣನವರ ಜನ್ಮಭೂಮಿಯ ಜನರ ಮತವನ್ನು ಬದಲಿಸಬೇಕೆಂದು ಬಂದವರು ಬಸವಪುರಾಣವನ್ನೇ ಅಚ್ಚುಹಾಕಿ ಕೊಟ್ಟರು!

ಫರ್ಡಿನಂಡ್ ಕಿಟೆಲ್ಲರದು ಇನ್ನೂ ವಿಶೇಷ. 1832ರಲ್ಲಿ ಜರ್ಮನಿಯ ಉತ್ತರದ ಸಮುದ್ರತೀರದಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿ, 1853ರಲ್ಲಿ ಬಂದರು. ಆಗ ಇಪ್ಪತ್ತೊಂದು, ನಮ್ಮ ಹುಡುಗನ ವಯಸ್ಸೇ. ಕನ್ನಡಿಗರಿಗೆ ಕನ್ನಡಿಗನೇ ಆಗಬೇಕೆಂಬ ಹಟದಿಂದ ಹಳ್ಳಿಗಳಿಗೆ ಕಾಲ್ನಡಿಗೆಯಲ್ಲಿ ತಿರುಗಿದರು. ಇದು ಹಿರಿಯ ಸಹಚರರಲ್ಲಿ ಕೆಲವರಿಗೆ ಹಿಡಿಸಲಿಲ್ಲ. ಆ ತಿರುಗಾಟದ ಫಲವು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಸುಮಾರು 70,000 ಶಬ್ದಗಳ ಕೋಶದಲ್ಲಿದೆ. ನಾವು ಆ ಕೋಶವನ್ನು ಸಂಸ್ಕೃತ ಮೂಲಗಳಿಗಾಗಿ ತೆರೆಯುವುದು ರೂಢಿ; ಕೆಲವು ವ್ಯುತ್ಪತ್ತಿಗಳನ್ನು ಒಪ್ಪದೆ ಅಂಚಿನಲ್ಲಿ ಗೀಚಿಟ್ಟದ್ದೂ ಉಂಟು. ಆದರೆ ಅನೇಕ ಶಬ್ದಗಳ ಮುಂದೆ 'ದಕ್ಷಿಣ ಮರಾಠಾ ಸೀಮೆ' ಎಂಬರ್ಥದ ಸಂಕೇತವು ಕಾಣುತ್ತದೆ. ಅಂದಿನ ಆಡಳಿತದಲ್ಲಿ ಆ ಹೆಸರು ನಮ್ಮ ಈ ಕಡೆಯ ಕನ್ನಡ ಪ್ರಾಂತಕ್ಕೇ ಇದ್ದಿತು. ಅಡಿಗೆಮನೆಯಲ್ಲಿ, ಹೊಲದ ಬದುವಿನಲ್ಲಿ ನಮ್ಮವರು ಆಡುತ್ತಿದ್ದ ಮಾತುಗಳನ್ನು, ಗಾದೆಗಳ ಸಮೇತ, ಪರದೇಶದ ತರುಣನೊಬ್ಬನು ಕಿವಿಗೊಟ್ಟು ಕೇಳಿ ಬರೆದುಕೊಂಡನು. ನಾವಾದರೋ ಅವೇ ಮಾತುಗಳನ್ನು ಮಕ್ಕಳ ಪಾಟಿಯಿಂದ 'ಗ್ರಾಮ್ಯ'ವೆಂದು ಅಳಿಸುತ್ತ ಬಂದೆವು.

ಕಿಟೆಲ್ಲರು ಬಂದ 1853ರಲ್ಲಿಯೇ ಅಮೇರಿಕೆಯ ಮಾರ್ಮನ್ ಪಂಥದ ಹದಿಮೂರು ಜನ ಪ್ರಚಾರಕರು ಹಡಗಿನಿಂದ ಕಲಕತ್ತೆಯಲ್ಲಿ ಇಳಿದಿದ್ದರು. ಕೈಯಲ್ಲಿ ಕಾಸಿಲ್ಲದೆ, ಕೊಟ್ಟವರ ಮನೆಯಲ್ಲಿ ಉಂಡು ತಿರುಗಬೇಕೆಂಬುದು ಅವರ ನೇಮ. ನಮ್ಮ ಮಠದ ಮರಿಗಳು ಜೋಳಿಗೆ ಹಿಡಿದು ಕೋರಾನ್ನ ಬೇಡಿದಂತೆಯೇ. ಅವರು ಇಲ್ಲಿ ಬಹುಕಾಲ ನಿಲ್ಲಲಿಲ್ಲ. ಆ ಪಂಥದ ಹುಡುಗರು ಹದಿನೆಂಟು ತುಂಬಿದ ಮೇಲೆ ಎರಡು ವರ್ಷ ಜೋಡಿಜೋಡಿಯಾಗಿ ಊರೂರು ತಿರುಗುವ ಪದ್ಧತಿಯು ಇಂದಿಗೂ ಇದೆ. ವರ್ಷಕ್ಕೆ ಎರಡೇ ಬಾರಿ ಮನೆಯವರೊಡನೆ ಫೋನಿನಲ್ಲಿ ಮಾತಾಡಲು ಅವರಿಗೆ ಅಪ್ಪಣೆಯಿತ್ತು. 2019ರಿಂದ ವಾರಕ್ಕೊಮ್ಮೆ ಆಯಿತು.

ಬಾಸೆಲಿನವರಿಗೆ ಅಷ್ಟೂ ಇರಲಿಲ್ಲ. 1869ರಲ್ಲಿ ಸುಯೇಜ್ ಕಾಲುವೆ ತೆರೆಯುವ ಮೊದಲು ಒಂದು ಪತ್ರಕ್ಕೆ ಉತ್ತರ ಬರುವುದರಲ್ಲಿ ಋತುಗಳೇ ಬದಲಾಗುತ್ತಿದ್ದವು. ಬಂದ ಮೊದಲ ಎರಡು ವರ್ಷ ವಿವಾಹವಿಲ್ಲ. ಆಮೇಲೆಯೂ ಸಮಿತಿಯ ಅಪ್ಪಣೆ ಬೇಕು. ಅಪ್ಪಣೆ ಸಿಕ್ಕರೆ, ಎಷ್ಟೋ ಸಲ ವರನು ಮುಖವನ್ನೇ ಕಾಣದ ಕನ್ಯೆಯು ಹಡಗನ್ನೇರಿ ಬರುತ್ತಿದ್ದಳು. ಕಿಟೆಲ್ಲರು 1860ರಲ್ಲಿ ಪೌಲೀನೆ ಎಂಬವಳನ್ನು ಮದುವೆಯಾದರು. 1864ರಲ್ಲಿ ಆಕೆ ತೀರಿಕೊಂಡಳು. ಹೀಗೆ ತೀರಿಕೊಂಡ ತಾಯಂದಿರು, ಹಸುಗೂಸುಗಳು ಎಷ್ಟೋ.

ಬದುಕಿದ ಮಕ್ಕಳದು ಮತ್ತೊಂದು ಕತೆ. ಆರೇಳು ವರ್ಷವಾಗುತ್ತಲೇ ಅವರನ್ನು ವಿದ್ಯೆಗಾಗಿ ಯುರೋಪಕ್ಕೆ ಕಳಿಸಬೇಕೆಂಬ ನಿಯಮವಿತ್ತು. 1853ರಲ್ಲಿ ಬಾಸೆಲಿನಲ್ಲಿ ಅವರಿಗಾಗಿಯೇ ಒಂದು ಮಕ್ಕಳ ಮನೆಯು ಆರಂಭವಾಯಿತು. ನೆರೆಯ ಮಲಬಾರದಲ್ಲಿದ್ದ, ಮಲೆಯಾಳ ನಿಘಂಟುಕಾರರಾದ ಗುಂಡರ್ಟರ ಮಗಳು ಮರೀ 1842ರಲ್ಲಿ ಕೇರಳದಲ್ಲಿಯೇ ಹುಟ್ಟಿದವಳು. ಎಳೆಯ ಮಗುವಾಗಿದ್ದಾಗಲೇ ಆಕೆಯನ್ನು ಯುರೋಪದಲ್ಲಿ ಬಿಟ್ಟು ತಾಯಿತಂದೆಗಳು ತಿರುಗಿ ಬಂದರು. ಆಕೆ ಮತ್ತೆ ಭಾರತಕ್ಕೆ ಬಂದದ್ದು 1857ರಲ್ಲಿ, ಹದಿನೈದರ ತರುಣಿಯಾಗಿ. 1946ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಹೆರ್ಮನ್ ಹೆಸ್ಸೆಯವರು ಈಕೆಯ ಮಗ.

ಇದನ್ನೆಲ್ಲ ನಾವು ತಂಗಿಗೆ ಹೇಳಿದೆವು. ಗ್ರಂಥಮಾಲೆಯನ್ನೂ ಕೋಶವನ್ನೂ ಅವಳು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಬಹಳ ಹೊತ್ತು ಬೆರಳು ಮಡಚಿ ಏನೋ ಎಣಿಸಿದಳು. ಆಮೇಲೆ, "ಹತ್ತ ವರ್ಷ ಆದಮ್ಯಾಲ ಬಂದ ಮಗಳ ಗುರುತು ಆ ತಾಯಿಗೆ ಹತ್ತಿತೇನ, ಅಣ್ಣಾ?" ಎಂದಳು. ನಾವು ಉತ್ತರಕ್ಕೆ ತಡಬಡಿಸುವಷ್ಟರಲ್ಲಿ ಎದ್ದು ಒಳಗೆ ಹೋಗಿ, ಮತ್ತೊಂದು ಡಬ್ಬಿಯ ತುಂಬ ಶೇಂಗಾ ಹಿಂಡಿಯನ್ನು ತಂದು ಚೀಲದೊಳಗೆ ಒತ್ತತೊಡಗಿದಳು. ತೂಕವು ಮಿತಿ ಮೀರುವುದೆಂದು ಹುಡುಗನು ಎಷ್ಟು ಹೇಳಿದರೂ ಕೇಳಲಿಲ್ಲ.